ಬೇಳೆ ಮಿಲ್ಲಿನ ಕಂಟ್ರೋಲರ್‌ಗೆ ಫ್ರೀಆರ್‌ಟಿಒಎಸ್ ಅಳವಡಿಸಿದ ನನ್ನ ಅನುಭವ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ತೊಗರಿ ಬೇಳೆ ಮಿಲ್ಲಿಗೆ ಕಂಟ್ರೋಲ್ ಬೋರ್ಡಿನ ಪ್ರೋಗ್ರಾಂ ಹೊಸದಾಗಿ ಬರೆದುಕೊಟ್ಟೆ. ತೊಂದರೆ ಇದ್ದದ್ದು ಬಕೆಟ್ ಎಲಿವೇಟರಿನಲ್ಲಿ. ಕಾಳು ಮೇಲೆತ್ತುವ ಬೆಲ್ಟ್ ಜಾರಿದರೆ ಕಾಳು ಒಳಬಿಡುವ ಫೀಡ್ ಗೇಟ್ ತಕ್ಷಣ ಮುಚ್ಚಬೇಕು. ಇಲ್ಲದಿದ್ದರೆ ಮಾಲು ಬೀಳುತ್ತಲೇ ಇದ್ದು ಎಲಿವೇಟರಿನ ತಳದ ಪೆಟ್ಟಿಗೆ, ಅಂದರೆ ಬೂಟ್, ತುಂಬಿಕೊಳ್ಳುತ್ತದೆ. ಆಮೇಲೆ ಬಾಗಿಲು ಬಿಚ್ಚಿ ಕೈಯಿಂದ ತೋಡಿ ಹಾಕಬೇಕು. ಹಳೆಯ ಬೋರ್ಡಿನಲ್ಲಿ ಗೇಟ್ ಒಮ್ಮೆ ಸರಿಯಾಗಿ ಮುಚ್ಚಿದರೆ ಇನ್ನೊಮ್ಮೆ ತಡ ಮಾಡುತ್ತಿತ್ತು.

ಕೋಡ್ ಓದಿದಾಗ ಕಾರಣ ಸಿಕ್ಕಿತು. ಸೆನ್ಸರ್ ನೋಡುವುದು, ಸ್ಕ್ರೀನ್ ಬರೆಯುವುದು, ಮಾಡ್‌ಬಸ್‌ನಲ್ಲಿ (ಯಂತ್ರಗಳು ತಂತಿಯ ಮೇಲೆ ಮಾಹಿತಿ ಕೇಳಿ ಹೇಳುವ ಪದ್ಧತಿ) ಎನರ್ಜಿ ಮೀಟರ್ ಓದುವುದು, ಎಲ್ಲವೂ ಒಂದೇ ಲೂಪಿನಲ್ಲಿ ಸರದಿಯಾಗಿ ನಡೆಯುತ್ತಿದ್ದವು. ಮೀಟರ್ ಉತ್ತರ ಕೊಡದಿದ್ದರೆ ಒಂದು ಸೆಕೆಂಡ್ ಕಾಯುವುದು, ಮತ್ತೆ ಕೇಳುವುದು, ಮತ್ತೆ ಕಾಯುವುದು. ಅಷ್ಟು ಹೊತ್ತು ಬೆಲ್ಟಿನ ಕಡೆ ನೋಡುವವರೇ ಇಲ್ಲ. ಇನ್ನೂ ವೇಗದ ಚಿಪ್ ಹಾಕಿಸಿ ಎಂದು ಮಾಲೀಕರಿಗೆ ಯಾರೋ ಹೇಳಿದ್ದರಂತೆ. ಇದ್ದದ್ದೇ 72 ಮೆಗಾಹರ್ಟ್ಸ್‌ನ ಎಸ್‌ಟಿಎಂ32ಎಫ್103, ಈ ಕೆಲಸಕ್ಕೆ ಧಾರಾಳ. ಒಂದು ಸೆಕೆಂಡ್ ಕಾಯಿ ಎಂದು ಬರೆದಿಟ್ಟರೆ ಎಷ್ಟೇ ವೇಗದ ಚಿಪ್ಪೂ ಒಂದು ಸೆಕೆಂಡ್ ಕಾಯಲೇಬೇಕು.

ಅದೇ ಚಿಪ್ಪಿನ ಮೇಲೆ ಫ್ರೀಆರ್‌ಟಿಒಎಸ್ ಕೂರಿಸಿದೆ. ಇದು ಕೆಲಸವನ್ನು ಬೇರೆ ಬೇರೆ ಟಾಸ್ಕುಗಳಾಗಿ ಒಡೆದು, ಆದ್ಯತೆಯ ಪ್ರಕಾರ ಓಡಿಸುವ ಚಿಕ್ಕ ಆಪರೇಟಿಂಗ್ ಸಿಸ್ಟಂ. 2003ರಲ್ಲಿ ರಿಚರ್ಡ್ ಬ್ಯಾರಿ ಶುರು ಮಾಡಿದ ಈ ಕರ್ನಲ್ ಈಗ ಎಂಐಟಿ ಲೈಸೆನ್ಸಿನಲ್ಲಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಆ ಚಿಪ್ಪಿನ 20 ಕೆಬಿ ರ‍್ಯಾಮ್‌ನಲ್ಲಿ ಆರಾಮಾಗಿ ಹಿಡಿಸುತ್ತದೆ. ಕರ್ನಲ್ ಹಾಕುವುದು ಸುಲಭ. ಯಾವ ಟಾಸ್ಕಿಗೆ ಎಷ್ಟು ಆದ್ಯತೆ ಎಂಬುದೇ ನಿಜವಾದ ಕೆಲಸ, ಅದನ್ನು ಮೇಜಿನ ಮುಂದೆ ಕೂತು ನಿರ್ಧರಿಸಲಾಗದು. ಮಷೀನ್ ನಡೆಸುವ ಹಿರಿಯರನ್ನೇ ಕೇಳಿದೆ: "ಕಾಕಾ, ಇದರಾಗ ಯಾವ್ದು ತಡ ಆದ್ರ ನಡೀತದ?" "ಸ್ಕ್ರೀನ್ ಬಂದಾದ್ರೂ ನಡೀತದ್ರಿ ಸರ. ಬೂಟ್ ತುಂಬಿತಂದ್ರ ಅರ್ಧ ದಿನ ಹೋತು" ಅಂದರು. ನನ್ನ ಆದ್ಯತೆಯ ಪಟ್ಟಿ ಅಲ್ಲಿಗೆ ಮುಗಿಯಿತು.

ಎಲ್ಲಕ್ಕಿಂತ ಮೇಲೆ ರಕ್ಷಣೆಯ ಟಾಸ್ಕ್, 10 ಮಿಲಿಸೆಕೆಂಡಿಗೊಮ್ಮೆ. ನಡುವೆ ಮಾಡ್‌ಬಸ್. ಕೆಳಗೆ ಸ್ಕ್ರೀನ್. ಎಲಿವೇಟರಿನ ಕೆಳಗಿನ ಪುಲ್ಲಿ ಸುತ್ತಿದಂತೆ ಪ್ರಾಕ್ಸಿಮಿಟಿ ಸೆನ್ಸರ್ ಪಲ್ಸ್ ಕೊಡುತ್ತದೆ. ಪಲ್ಸ್ ಬಂದೊಡನೆ ನಡೆಯುತ್ತಿರುವ ಕೆಲಸ ತಡೆದು ಓಡುವ ಇಂಟರಪ್ಟ್ ಆ ಪಲ್ಸಿನ ಸಮಯವನ್ನಷ್ಟೇ ಬರೆದುಕೊಂಡು ಹೊರಬರುತ್ತದೆ. ನಿಗದಿತ ಅವಧಿಯಲ್ಲಿ ಮುಂದಿನ ಪಲ್ಸ್ ಬರದಿದ್ದರೆ, ಮಾಡ್‌ಬಸ್ ಎಲ್ಲೇ ಕಾಯುತ್ತಿರಲಿ, ರಕ್ಷಣೆಯ ಟಾಸ್ಕ್ ಎದ್ದು ಗೇಟ್ ಮುಚ್ಚುತ್ತದೆ.

ಆ ಅವಧಿಯನ್ನು ಆಪರೇಟರ್ ಸ್ಕ್ರೀನಿನಿಂದ ಬದಲಿಸಬಹುದು, ಹಾಗಾಗಿ ಸೆಟ್ಟಿಂಗ್ ಟೇಬಲ್ಲಿಗೆ ಸ್ಕ್ರೀನ್ ಟಾಸ್ಕೂ ರಕ್ಷಣೆಯ ಟಾಸ್ಕೂ ಕೈ ಹಾಕುತ್ತವೆ, ಒಂದು ಬಳಸುವಾಗ ಇನ್ನೊಂದು ಮುಟ್ಟದಂತೆ ಬೀಗ ಬೇಕು. ಇಲ್ಲಿ ಬೈನರಿ ಸೆಮಫೋರ್ ಎಂಬ ಸರಳ ಬೀಗ ಬಳಸಲೇಬಾರದು. ಸ್ಕ್ರೀನ್ ಟಾಸ್ಕ್ ಬೀಗ ಹಿಡಿದಿರುವಾಗ ನಡುವಿನ ಮಾಡ್‌ಬಸ್ ಅದನ್ನು ತಳ್ಳಿ ತಾನು ಓಡಿದರೆ, ಎಲ್ಲಕ್ಕಿಂತ ಮೇಲಿನ ಟಾಸ್ಕ್ ಬೀಗಕ್ಕಾಗಿ ಕಾದು ಕೂರುತ್ತದೆ. 1997ರಲ್ಲಿ ಮಂಗಳದ ಮೇಲಿಳಿದ ನಾಸಾದ ಪಾಥ್‌ಫೈಂಡರ್ ಇದೇ ಕಾರಣಕ್ಕೆ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಅದರ ಆಪರೇಟಿಂಗ್ ಸಿಸ್ಟಂ ವಿಎಕ್ಸ್‌ವರ್ಕ್ಸ್‌ನಲ್ಲಿ ಆದ್ಯತೆ ದಾಟಿಸುವ (ಬೀಗ ಹಿಡಿದ ಟಾಸ್ಕಿಗೆ, ಅದಕ್ಕಾಗಿ ಕಾಯುತ್ತಿರುವ ಮೇಲಿನ ಟಾಸ್ಕಿನ ಆದ್ಯತೆಯನ್ನೇ ಕೊಡುವ) ಸೌಲಭ್ಯವನ್ನು ಭೂಮಿಯಿಂದಲೇ ಆನ್ ಮಾಡಿದ ಮೇಲೆ ಸರಿಹೋಯಿತು. ಫ್ರೀಆರ್‌ಟಿಒಎಸ್‌ನ ಇನ್ನೊಂದು ಬೀಗವಾದ ಮ್ಯೂಟೆಕ್ಸ್‌ನಲ್ಲಿ ಆ ಸೌಲಭ್ಯವಿದೆ, ಸೆಮಫೋರ್‌ನಲ್ಲಿಲ್ಲ. ಬಳಸುವ ರೀತಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬಹಳ ಜನ ಈ ವ್ಯತ್ಯಾಸ ಗಮನಿಸುವುದಿಲ್ಲ.

ಸಿಗ್ನಲ್ ನಿಂತರೆ ಚಿಪ್ಪನ್ನು ರೀಸೆಟ್ ಮಾಡುವ ವಾಚ್‌ಡಾಗ್‌ಗೆ ಟೈಮರ್ ಇಂಟರಪ್ಟಿನಿಂದ ಸಿಗ್ನಲ್ ಕೊಡಲಿಲ್ಲ. ಮೂರೂ ಟಾಸ್ಕ್ ತಾವು ನಡೆಯುತ್ತಿದ್ದೇವೆಂದು ಗುರುತು ಹಾಕಿದರೆ ಮಾತ್ರ ಅದಕ್ಕೆ ಸಿಗ್ನಲ್. ಇಲ್ಲವಾದರೆ ಟಾಸ್ಕ್ ಸತ್ತು ಬಿದ್ದಿದ್ದರೂ ವಾಚ್‌ಡಾಗ್‌ಗೆ ಗೊತ್ತಾಗುವುದಿಲ್ಲ.

ಪರೀಕ್ಷೆಯನ್ನು ಎಲ್ಲ ಸರಿಯಿದ್ದಾಗ ಮಾಡಿ ಉಪಯೋಗವಿಲ್ಲ. ಮೀಟರಿನ ಮಾಡ್‌ಬಸ್ ವೈರ್ (ಆರ್‌ಎಸ್485) ಕಿತ್ತು, ಸ್ಕ್ರೀನಿನ ಮೆನು ಒತ್ತುತ್ತಲೇ ಇದ್ದು, ಸೆನ್ಸರ್ ಮುಚ್ಚಿ ಗೇಟ್ ಸಿಗ್ನಲನ್ನು ಆಸಿಲೋಸ್ಕೋಪಿನಲ್ಲಿ ನೋಡಿದೆ. ವೈರ್ ಇದ್ದಾಗ ಎಷ್ಟೋ, ಕಿತ್ತಾಗಲೂ ಅಷ್ಟೇ ಸಮಯ.

ಎಮರ್ಜೆನ್ಸಿ ಸ್ಟಾಪ್ ಬಟನ್ ಮಾತ್ರ ಈ ಪ್ರೋಗ್ರಾಮಿನ ಕೈಗೆ ಕೊಡಲಿಲ್ಲ. ಅದು ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರಿನ ಕಾಯಿಲ್‌ನ ಲೈನನ್ನು ನೇರವಾಗಿ ಕತ್ತರಿಸುತ್ತದೆ. ಬೋರ್ಡಿಗೆ ಹೋಗುವುದು ಬಟನ್ ಒತ್ತಿದ್ದಾರೆಂಬ ಸುದ್ದಿ ಅಷ್ಟೇ.