ಗಾಡಿ ನಿಲ್ಲಬೇಕು, ಹಿನ್ನೆಲೆ ಓಡಬೇಕು: ಪ್ಯಾನಿಂಗ್ ಛಾಯಾಗ್ರಹಣ ಕಲಿಯುವ ಬಗೆ

ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟೊಮೆಟೊ ಕ್ರೇಟುಗಳನ್ನು ಹೇರಿಕೊಂಡು ಬರುವ ಟೆಂಪೊವೊಂದನ್ನು 1/1000 ಸೆಕೆಂಡಿನ ಶಟರ್ ವೇಗದಲ್ಲಿ (ಅಂದರೆ ಕ್ಯಾಮೆರಾದ ಪರದೆ ಅಷ್ಟು ಹೊತ್ತು ಮಾತ್ರ ತೆರೆದಿರುವಂತೆ) ಸೆರೆಹಿಡಿದರೆ, ಚಕ್ರದ ನಟ್ಟುಗಳನ್ನೂ ಎಣಿಸಬಹುದು. ಆದರೆ ಗಾಡಿ ರಸ್ತೆಬದಿಯಲ್ಲಿ ನಿಲ್ಲಿಸಿಟ್ಟಂತೆ ಕಾಣುತ್ತದೆ. ಅದೇ ಟೆಂಪೊವನ್ನು ನಿಧಾನ ಶಟರಿನಲ್ಲಿ, ಕ್ಯಾಮೆರಾವನ್ನು ಅದರ ಜೊತೆಜೊತೆಗೇ ತಿರುಗಿಸುತ್ತಾ ಹಿಡಿದರೆ, ಕೆಂಪು ಹಣ್ಣು ತುಂಬಿದ ಕ್ರೇಟುಗಳು ಸ್ಪಷ್ಟವಾಗಿ ಉಳಿದು, ಹಿಂದಿನ ಮರ, ಗೋಡೆ, ಅಂಗಡಿಗಳು ಅಡ್ಡಗೆರೆಗಳಾಗಿ ಹರಿಯುತ್ತವೆ. ಈ ವಿಧಾನಕ್ಕೆ ಪ್ಯಾನಿಂಗ್ ಎನ್ನುತ್ತಾರೆ.

ಮೊದಲು ಜಾಗ. ರಾಷ್ಟ್ರೀಯ ಹೆದ್ದಾರಿ 75ರ ಅಂಚಿನಲ್ಲಾಗಲಿ ಡಿವೈಡರ್ ಮೇಲಾಗಲಿ ನಿಲ್ಲಲೇಬಾರದು; ಕಣ್ಣು ಕ್ಯಾಮೆರಾದಲ್ಲಿದ್ದಾಗ ಪಕ್ಕದಿಂದ ಬರುವ ವಾಹನ ಕಾಣುವುದಿಲ್ಲ. ಊರೊಳಗಿನ ಅಗಲವಾದ ರಸ್ತೆಯ ಫುಟ್‌ಪಾತ್ ಸಾಕು. ಹಿನ್ನೆಲೆಯಲ್ಲಿ ಬಣ್ಣ ಮತ್ತು ವಿವರ ಇರಬೇಕು. ಅಂತರಗಂಗೆ ಬೆಟ್ಟವಾದರೂ ಎದುರಿನ ಕಾಂಪೌಂಡ್ ಗೋಡೆಯಾದರೂ ಕ್ಯಾಮೆರಾ ತಿರುಗಿದಷ್ಟೇ ಮಸುಕಾಗುತ್ತವೆ. ಬರಿಯ ಆಕಾಶದಲ್ಲಿ ಮಾತ್ರ ಎಳೆದುಕೊಳ್ಳಲು ಏನೂ ಇರುವುದಿಲ್ಲವಾದ್ದರಿಂದ ವೇಗವೂ ಕಾಣುವುದಿಲ್ಲ.

ಕ್ಯಾಮೆರಾವನ್ನು ಶಟರ್ ವೇಗವನ್ನು ನಾವೇ ಆರಿಸುವ ಶಟರ್ ಆದ್ಯತೆಯ ಮೋಡ್‌ಗೆ (ಕೆನಾನ್‌ನಲ್ಲಿ Tv, ನಿಕಾನ್‌ನಲ್ಲಿ ಎಸ್) ತಿರುಗಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100 ಇಟ್ಟು, ಬೈಕು ಕಾರುಗಳಿಗೆ 1/125ರಿಂದ ಆರಂಭಿಸಿ, ಕೈ ಪಳಗಿದಂತೆ 1/60, 1/30ಕ್ಕೆ ಇಳಿಯಿರಿ. ಫೋಕಸ್, ಗಾಡಿಯನ್ನು ಹಿಂಬಾಲಿಸುತ್ತಲೇ ಇರುವ ನಿರಂತರ ಮೋಡ್‌ನಲ್ಲಿರಲಿ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ನಿಧಾನ ಶಟರಿಗೆ ಬೆಳಕು ಹೆಚ್ಚಾಗಿ ಚಿತ್ರ ಬೆಳ್ಳಗಾಗುತ್ತದೆ; ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರುವ ಬೆಳಕನ್ನು ತಗ್ಗಿಸುವ ಕಪ್ಪು ಗಾಜು) ಇಲ್ಲದವರು, ಮೊಬೈಲಿನ ಪ್ರೊ ಮೋಡ್ ಬಳಸುವವರು ಮುಂಜಾನೆ ಅಥವಾ ಇಳಿಹೊತ್ತನ್ನು ಆರಿಸಿಕೊಳ್ಳುವುದು ಮೇಲು.

ಇಷ್ಟು ಸುಲಭ. ಕಷ್ಟವಿರುವುದು ಮೈ ತಿರುಗಿಸುವುದರಲ್ಲಿ. ಗಂಟೆಗೆ 36 ಕಿ.ಮೀ. ವೇಗದ ಗಾಡಿ 1/30 ಸೆಕೆಂಡಿನಲ್ಲಿ ಸುಮಾರು 33 ಸೆಂ.ಮೀ. ಮುಂದೆ ಹೋಗಿರುತ್ತದೆ, ಅಷ್ಟು ದೂರವೂ ಅದು ಚೌಕಟ್ಟಿನ ಅದೇ ಬಿಂದುವಿನಲ್ಲಿ ಅಲುಗದೆ ಇರಬೇಕು. ನಮ್ಮಲ್ಲಿ ಎಡಬದಿಯ ಸಂಚಾರವಾದ್ದರಿಂದ, ರಸ್ತೆಗೆ ಮುಖಮಾಡಿ ನಿಂತವರಿಗೆ ಹತ್ತಿರದ ಸಾಲಿನ ವಾಹನಗಳು ಬಲದಿಂದ ಎಡಕ್ಕೆ ಹೋಗುತ್ತವೆ. ಪಾದಗಳನ್ನು ಗಾಡಿ ನೇರ ಎದುರಿಗೆ ಬರುವ ಜಾಗದತ್ತ ಊರಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಸೊಂಟದಿಂದ ಮೇಲಿನ ಭಾಗವನ್ನಷ್ಟೇ ಬಲಕ್ಕೆ ತಿರುಗಿಸಿ ಕಾಯಿರಿ. ಗಾಡಿ ದೂರದಲ್ಲಿರುವಾಗಲೇ ನಮ್ಮ ಕಡೆಯ ಮುಂಬಾಗಿಲಿನ ಹಿಡಿಯಂಥ ಒಂದು ಗುರುತನ್ನು ಫೋಕಸ್ ಬಿಂದುವಿನೊಳಗೆ ಹಿಡಿದು ಅದರೊಂದಿಗೇ ತಿರುಗಿ, ಎದುರಿಗೆ ಬಂದಾಗ ಗುಂಡಿಯನ್ನು ಮೆತ್ತಗೆ ಒತ್ತಿ, ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು.

ಈ ಕೊನೆಯ ಮಾತನ್ನು ತಿಳಿಯದೆ ನಾನು ಹಲವು ತಿಂಗಳು ಲೆನ್ಸನ್ನು ದೂರಿದ್ದೆ. ಡಿಎಸ್‌ಎಲ್‌ಆರ್‌ನಲ್ಲಿ ಕಣ್ಣಿಗೆ ಚಿತ್ರ ತೋರಿಸುವ ಒಳಗಿನ ಕನ್ನಡಿ ಮೇಲೇಳುವ ಕ್ಷಣ ವ್ಯೂಫೈಂಡರ್ ಕಪ್ಪಾಗುತ್ತದೆ. ಕಣ್ಣಿಗೆ ಗಾಡಿ ತಪ್ಪಿದೊಡನೆ ಕೈ ತಾನಾಗಿ ನಿಲ್ಲುತ್ತದೆ, ಚಿತ್ರ ದಾಖಲಾಗುವುದು ಅದೇ ಹೊತ್ತಿನಲ್ಲಿ. ಖಾಲಿ ರಸ್ತೆಯಲ್ಲಿ ಗುಂಡಿ ಒತ್ತದೆಯೇ ಇಪ್ಪತ್ತು ಸಲ ತಿರುಗಿ ಅಭ್ಯಾಸ ಮಾಡಿದ ಮೇಲೆ ಆ ದೋಷ ಹೋಯಿತು.

ಮನೆಗೆ ಬಂದು ಚಿತ್ರಗಳನ್ನು ಹಿಗ್ಗಿಸಿ ನೋಡಿ. ಗಾಡಿಯ ಮೇಲಿನ ಅಕ್ಷರಗಳು ಅಡ್ಡಕ್ಕೆ ಎಳೆದಿದ್ದರೆ ನಿಮ್ಮ ವೇಗ ಗಾಡಿಯ ವೇಗಕ್ಕೆ ಹೊಂದಿಲ್ಲ. ಮೇಲೆ ಕೆಳಗೆ ಎಳೆದಿದ್ದರೆ ಕೈ ಕುಲುಕಿದೆ. ಎರಡನೆಯದಕ್ಕೆ, ಅಡ್ಡ ಚಲನೆಯನ್ನು ಬಿಟ್ಟು ಮೇಲು ಕೆಳಗಿನ ಕಂಪನವನ್ನಷ್ಟೇ ತಡೆಯುವ ಮೋಡ್ ನಿಮ್ಮ ಲೆನ್ಸಿನಲ್ಲಿದ್ದರೆ ಅದನ್ನು ಬಳಸಿ. ಬಸ್ಸಿನ ನಡುಭಾಗ ಸ್ಪಷ್ಟವಾಗಿದ್ದು ಎರಡು ತುದಿಗಳು ಮಸುಕಾಗಿದ್ದರೆ ತಪ್ಪು ಕೈಯದಲ್ಲ. ಹತ್ತಿರದಿಂದ ನೋಡುವಾಗ ಉದ್ದನೆಯ ಗಾಡಿಯ ಮುಂಭಾಗ, ನಡು, ಹಿಂಭಾಗಗಳು ಕ್ಯಾಮೆರಾಕ್ಕೆ ಬೇರೆ ಬೇರೆ ವೇಗದಲ್ಲಿ ತಿರುಗಿದಂತೆ ಕಾಣುತ್ತವೆ. ಹತ್ತಿಪ್ಪತ್ತು ಹೆಜ್ಜೆ ಹಿಂದೆ ಸರಿದು, ಉದ್ದ ಲೆನ್ಸಿನಿಂದ ಮತ್ತೊಮ್ಮೆ ತೆಗೆಯಿರಿ.