ಡೈನಮೋ ಚಾರ್ಜ್ ಮಾಡುತ್ತಿಲ್ಲವೇ? ಬಿಚ್ಚುವ ಮೊದಲು ಮೀಟರ್ ಹಿಡಿಯಿರಿ

ಕೆಂಪುಕಲ್ಲು ಹೇರಿದ ಲಾರಿ ಕಾಸರಗೋಡಿನ ಬದಿಯಡ್ಕ ದಾಟಿ ಪೆರ್ಲದ ಕಡೆ ಏರುವಾಗ ಚಾರ್ಜಿಂಗ್ ಲೈಟ್ ಹತ್ತಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಡೈನಮೋ ಹೋಯ್ತು. ಡೈನಮೋ ಎಂದರೆ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಕಟೌಟ್ ಎಂದರೆ ಅದರ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್. ಎರಡೂ ಸರಿಯಿದ್ದು ಒಂದು ತುಕ್ಕು ಹಿಡಿದ ನಟ್ಟಿನಿಂದ ಚಾರ್ಜ್ ನಿಲ್ಲುವುದು ಧಾರಾಳ. ಕರಾವಳಿಯ ಉಪ್ಪುಗಾಳಿ, ಮಳೆ, ಕೆಂಪುಮಣ್ಣು ಮೂರೂ ಸೇರುವ ನಮ್ಮ ಕಡೆಯಂತೂ ಅದು ಇನ್ನೂ ಹೆಚ್ಚು.

ಮೊದಲು ಇಂಜಿನ್ ನಿಲ್ಲಿಸಿ ಬೆಲ್ಟ್ ನೋಡಿ. ಉದ್ದ ಭಾಗದ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ 10ರಿಂದ 15 ಮಿ.ಮೀ. ತಗ್ಗಬೇಕು. ಅಂಚು ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಿಗಿ ಮಾಡಿ ಫಲವಿಲ್ಲ, ಬದಲಿಸಿ.

ಆಮೇಲೆ ಮೀಟರ್, ಅಂದರೆ ವೋಲ್ಟ್ ಅಳೆಯುವ ಮಲ್ಟಿಮೀಟರ್. 24 ವೋಲ್ಟಿನ ಲಾರಿ ರಾತ್ರಿಯಿಡೀ ನಿಂತಿದ್ದರೆ ಎರಡು ಬ್ಯಾಟರಿ ಸೇರಿ 25.2 ವೋಲ್ಟ್ ಸುಮಾರು ಇರಬೇಕು. ಒಂದೊಂದನ್ನೂ ಬೇರೆಯಾಗಿ ಅಳೆಯಿರಿ, ಒಂದು 12.6, ಇನ್ನೊಂದು 10.5 ತೋರಿಸಿದರೆ ಸೆಲ್ ಸತ್ತಿದೆ, ಡೈನಮೋ ನಿರಪರಾಧಿ. ಇಂಜಿನನ್ನು 1500 ಆರ್‌ಪಿಎಂ ಹತ್ತಿರ ಓಡಿಸಿ ಹೆಡ್‌ಲೈಟ್ ಹಾಕಿ: 27.5ರಿಂದ 28.5 ಬಂದರೆ ಸರಿ. 26ರ ಕೆಳಗಿದ್ದರೆ ಚಾರ್ಜ್ ಆಗುತ್ತಿಲ್ಲ. 29 ದಾಟಿದರೆ ಕಟೌಟ್ ಹಿಡಿತ ತಪ್ಪಿದೆ, ಅಥವಾ ಬ್ಯಾಟರಿ ವೋಲ್ಟೇಜ್ ತಿಳಿಸುವ ಸೆನ್ಸ್ ವೈರ್ ಕಡಿದಿದೆ. ಬ್ಯಾಟರಿ ನೀರು ಕುದಿದು ಒಣಗುವುದು, ಬಲ್ಬುಗಳು ಮೇಲಿಂದ ಮೇಲೆ ಹೋಗುವುದು ಇದರ ಗುರುತು.

ಕಡಿಮೆ ಬಂತೆಂದು ಡೈನಮೋ ಇಳಿಸಬೇಡಿ. ಹೆಡ್‌ಲೈಟ್ ಹಾಕಿ ಇಂಜಿನ್ ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಡೈನಮೋದ ಬಿ ಪ್ಲಸ್ (ಬ್ಯಾಟರಿಗೆ ಹೋಗುವ ದಪ್ಪ ವೈರಿನ ಟರ್ಮಿನಲ್) ಮೇಲೆ, ಇನ್ನೊಂದು ಬ್ಯಾಟರಿ ಪ್ಲಸ್ ಮೇಲೆ ಇಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕೇಬಲ್ ಅಥವಾ ಅದರ ತುದಿಯ ಲಗ್ ಕೆಟ್ಟಿದೆ. ಡೈನಮೋ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ 0.3 ದಾಟಿದರೆ ಅರ್ತ್ ಸ್ಟ್ರಾಪ್ (ಮೈನಸ್ ಕಡೆಯ ಕೇಬಲ್ ಪಟ್ಟಿ) ಬಿಚ್ಚಿ ಉಜ್ಜಿ ಬಿಗಿ ಮಾಡಿ.

ಹಳೆಯ ಲಾರಿಗಳಲ್ಲಿ ಚಾರ್ಜಿಂಗ್ ಬಲ್ಬೇ ಡೈನಮೋಗೆ ಮೊದಲ ಕರೆಂಟ್ ಕೊಡುವುದು. ಕೀ ಹಾಕಿದಾಗ ಅದು ಹತ್ತದಿದ್ದರೆ ಡೈನಮೋದ ಡಿ ಪ್ಲಸ್ ವೈರ್ (ಆ ಬಲ್ಬಿನಿಂದ ಬರುವ ಸಣ್ಣ ವೈರ್) ಕಳಚಿ ಇಂಜಿನ್ನಿನ ಲೋಹದ ಮೈಗೆ ಮುಟ್ಟಿಸಿ. ಆಗ ಹತ್ತಿದರೆ ವೈರಿಂಗ್ ಸರಿ, ಕಾರ್ಬನ್ (ಡೈನಮೋದೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್) ಅಥವಾ ಕಟೌಟ್ ಕೆಟ್ಟಿದೆ; ಆಗಲೂ ಹತ್ತದಿದ್ದರೆ ಬಲ್ಬ್, ಫ್ಯೂಸ್, ವೈರ್ ನೋಡಿ. ಬಿ ಪ್ಲಸ್ ವೈರನ್ನು ಮಾತ್ರ ತಪ್ಪಿಯೂ ಲೋಹದ ಮೈಗೆ ಮುಟ್ಟಿಸಬೇಡಿ, ಅದರಲ್ಲಿ ಸದಾ ಬ್ಯಾಟರಿಯ ಪೂರ್ತಿ ಕರೆಂಟ್ ಇದೆ.

ಕಾರ್ಬನ್ ನೋಡಲು ಬ್ಯಾಟರಿ ಮೈನಸ್ ಕಳಚಿ ಕಟೌಟ್ ಬಿಚ್ಚಿ. ಹೊರಚಾಚಿದ ಕಾರ್ಬನ್ 5 ಮಿ.ಮೀ.ಗಿಂತ ಕಡಿಮೆಯಿದ್ದರೆ ಬದಲಿಸಿ, ಅದು ಒತ್ತಿ ನಿಲ್ಲುವ ಸ್ಲಿಪ್ ರಿಂಗನ್ನು ನಯವಾದ ಸ್ಯಾಂಡ್ ಪೇಪರಿನಿಂದ ಉಜ್ಜಿ. ಕಟೌಟ್ ಬದಲಿಸುವುದಾದರೆ ಅಂಗಡಿಯಲ್ಲಿ 28 ವೋಲ್ಟಿನದೇ ಕೇಳಿ. 14ರದ್ದೂ ನೋಡಲು ಹಾಗೇ ಇರುತ್ತದೆ.

ಇಂಜಿನ್ ಓಡುವಾಗ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯಲ್ಲಿ ಅಳೆದು ಅರ್ಧ ವೋಲ್ಟ್ ಮೀರಿದರೆ, ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿರುವ ಸಂಶಯ. ಅದು ಡೈನಮೋ ಇಳಿಸಿ ಬೆಂಚಿನ ಮೇಲೆ ಮಾಡುವ ಕೆಲಸ.

ರಾತ್ರಿ ಮಳೆಯಲ್ಲಿ ಕೈಕೊಟ್ಟರೆ? 150 ಎಎಚ್‌ನ (ಆಂಪಿಯರ್-ಗಂಟೆ) ಎರಡು ಬ್ಯಾಟರಿ ಸೀರೀಸ್ ಸಾಲಿನಲ್ಲಿದ್ದರೂ ಲೆಕ್ಕ 150 ಎಎಚ್ ಮಾತ್ರ, ಅದರಲ್ಲಿ ಅರ್ಧ ನಂಬಬಹುದು. ಹೆಡ್‌ಲೈಟ್, ವೈಪರ್ ಸೇರಿ 15 ಆಂಪಿಯರ್ ಎಳೆದರೆ ಸುಮಾರು 5 ಗಂಟೆ, ಅದೂ ಬ್ಯಾಟರಿ ಗಟ್ಟಿಯಿದ್ದರೆ. ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಇರುವ ಇಂಜಿನ್ ಆದರೆ ಇನ್ನೂ ಕಡಿಮೆ. ಫ್ಯಾನ್, ಟೇಪ್ ನಿಲ್ಲಿಸಿ. ಬೆಳಕಿರುವ ಸುರಕ್ಷಿತ ಜಾಗ ಸಿಗುವವರೆಗೆ ಇಂಜಿನ್ ಆಫ್ ಮಾಡಬೇಡಿ.

ಹೊಸ ಕಟೌಟ್ ತಿಂಗಳಲ್ಲೇ ಸುಟ್ಟರೆ ಕಂಪನಿಯನ್ನು ಬೈಯುವ ಮೊದಲು ಇಷ್ಟು ಕೇಳಿಕೊಳ್ಳಿ: ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಎತ್ತಿ 'ಟೆಸ್ಟ್' ಮಾಡಿದ್ದೀರಾ? ಟಿಪ್ಪರಿನ ಬಾಡಿಯಲ್ಲಿ ವೆಲ್ಡಿಂಗ್ ಮಾಡುವಾಗ ಬ್ಯಾಟರಿ, ಡೈನಮೋ ವೈರ್ ಕಳಚಲು ಮರೆತಿದ್ದೀರಾ? ವಾಟರ್ ಸರ್ವಿಸಿನ ಪೈಪನ್ನು ನೇರ ಡೈನಮೋಗೆ ಹಿಡಿದಿದ್ದಾರಾ? ಟೇಪಿಗಾಗಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯುವುದು ಕಟೌಟನ್ನು ಸುಡದಿರಬಹುದು, ಆದರೆ ಆ ಬ್ಯಾಟರಿ ಹಸಿದು ಇನ್ನೊಂದು ಕುದಿಯುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ.