ಕರಿಬೇವು ಬೇವಿನ ನೆಂಟನೇ? ಗಿಡದ ಕುಟುಂಬ ಪತ್ತೆ ಮಾಡುವುದು ಹೀಗೆ

ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ: ವರ್ಗೀಕರಣದ ಏಳು ಮೆಟ್ಟಿಲುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವ ಮಕ್ಕಳು ಹಿತ್ತಲಿನ ಗಿಡದ ಮುಂದೆ ನಿಂತಾಗ ತಡವರಿಸುತ್ತಾರೆ. ಕರಿಬೇವು ಯಾವ ಕುಟುಂಬದ್ದು ಎಂದು ಕೇಳಿದರೆ ಹೆಚ್ಚಿನವರ ಉತ್ತರ ‘ಬೇವಿನ ಕುಟುಂಬ’. ಹೆಸರಿನಲ್ಲಿ ಬೇವು ಇದೆ, ಎಲೆಯೂ ಹಾಗೆಯೇ ಕಾಣುತ್ತದೆ. ಉತ್ತರ ಮಾತ್ರ ತಪ್ಪು. ಇದನ್ನು ಕೈಯಾರೆ ಬಿಡಿಸಿ ನೋಡಲು ಒಂದು ಬೆಳಗ್ಗೆ ಸಾಕು.

ಹೊಂದಿಸಿಕೊಳ್ಳುವುದು. ಕರಿಬೇವು ಮತ್ತು ಬೇವಿನ ಒಂದೊಂದು ರೆಂಬೆ, ಸಾಧ್ಯವಾದರೆ ಹೂವಿನ ಸಮೇತ. ಒಂದು ನಿಂಬೆ ಎಲೆ, ಗುಂಡುಸೂಜಿ, ಬಿಳಿ ಹಾಳೆ, ಲೆನ್ಸ್. ಪುಸ್ತಕದ ಅಂಗಡಿಯ ಪ್ಲಾಸ್ಟಿಕ್ ಭೂತಗನ್ನಡಿ ಬೇಡ. ಅದರಲ್ಲಿ ಅಂಚೆಲ್ಲ ಮಸುಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮಡಚಿಡುವ ಗಾಜಿನ ಲೆನ್ಸನ್ನೇ ಕೊಳ್ಳಿ. ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಎಲೆಯನ್ನು ಅದರ ಬಳಿಗೆ ತನ್ನಿ.

ಎಲೆ ಯಾವುದು ಎಂದು ನಿರ್ಧರಿಸುವುದು. ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ಅವಸರ ಮಾಡಬೇಡಿ. ಒಗ್ಗರಣೆಗೆ ಒಂದು ಕಡ್ಡಿ ಕರಿಬೇವು ಎನ್ನುತ್ತೇವಲ್ಲ, ಆ ಇಡೀ ಕಡ್ಡಿಯೇ ಒಂದು ಎಲೆ. ಅದರಿಂದ ನಾವು ಬಿಡಿಸಿ ಹಾಕುವುದು ಕಿರುಎಲೆಗಳನ್ನು. ಇಂಥದ್ದು ಸಂಯುಕ್ತ ಎಲೆ.

ಇದನ್ನು ಹೇಗೆ ನಂಬುವುದು? ಎಲೆಯ ಕಂಕುಳನ್ನು ನೋಡಿ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಮೂಲೆಯಲ್ಲಿ ಒಂದು ಮೊಗ್ಗು ಇರುತ್ತದೆ. ಹೊಸ ಕೊಂಬೆ ಒಡೆಯುವುದು ಅಲ್ಲಿಂದ. ಕರಿಬೇವಿನ ಕಡ್ಡಿಯನ್ನು ಲೆನ್ಸಿನಡಿ ಹಿಡಿದು ಪ್ರತಿ ಕಿರುಎಲೆಯ ಬುಡ ನೋಡುತ್ತಾ ಬನ್ನಿ. ಎಲ್ಲಿಯೂ ಮೊಗ್ಗಿಲ್ಲ. ಕಡ್ಡಿ ಕಾಂಡಕ್ಕೆ ಅಂಟಿದ ಜಾಗಕ್ಕೆ ಬಂದಾಗ ಮಾತ್ರ ಸೂಜಿಯ ಮೊನೆಯಷ್ಟು ಹಸಿರು ಉಬ್ಬು ಕಾಣುತ್ತದೆ. ಎಲೆ ಶುರುವಾಗುವುದು ಆ ಉಬ್ಬಿನಿಂದ. ಬೇವಿನಲ್ಲಿಯೂ ಹೀಗೆಯೇ. ಬಿಲ್ವವನ್ನು ಮೂರು ದಳದ ಒಂದು ಪತ್ರೆ ಎಂದು ಹೇಳುವ ನಮ್ಮ ಹಿರಿಯರ ಲೆಕ್ಕ ಸಸ್ಯಶಾಸ್ತ್ರದ ಲೆಕ್ಕವೇ ಆಗಿದೆ.

ಈಗ ಬೆಟ್ಟದ ನೆಲ್ಲಿಯ ಒಂದು ಕಡ್ಡಿ ತಂದು ಪಕ್ಕದಲ್ಲಿಡಿ. ನೋಡಲು ಥೇಟ್ ಸಂಯುಕ್ತ ಎಲೆ. ಆದರೆ ಹೂ ಬಿಟ್ಟಾಗ ಗಮನಿಸಿದರೆ ಆ ಪುಟ್ಟ ಎಲೆಗಳ ಕಂಕುಳಲ್ಲಿಯೇ ಹೂ ಕೂತಿರುತ್ತದೆ. ಹಾಗಾಗಿ ಅವು ಕಿರುಎಲೆಗಳಲ್ಲ, ಒಂದೊಂದೂ ಪೂರ್ಣ ಎಲೆ. ಕಡ್ಡಿ ಎಂದುಕೊಂಡದ್ದು ಕೊಂಬೆ. ನೆಲ್ಲಿ ಮತ್ತು ಕರಿಬೇವನ್ನು ಅಕ್ಕಪಕ್ಕ ಇಟ್ಟು ತೋರಿಸದೆ ಈ ಪಾಠವನ್ನು ಯಾರೂ ಮುಗಿಸಬಾರದು. ಹಲಗೆಯ ಮೇಲಿನ ಚಿತ್ರದಿಂದ ಇದು ತಲೆಗೆ ಹೋಗುವುದಿಲ್ಲ.

ಬೆಳಕಿಗೆ ಹಿಡಿಯುವುದು. ಕರಿಬೇವಿನ ಒಂದು ಕಿರುಎಲೆಯನ್ನು ಬಿಸಿಲಿಗೆ ಅಡ್ಡ ಹಿಡಿದು ಲೆನ್ಸಿನಲ್ಲಿ ನೋಡಿ. ಸೂಜಿಯಿಂದ ಚುಚ್ಚಿದಂತೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು; ಎಲೆ ಹಿಸುಕಿದಾಗ ಬರುವ ಘಮಲು ಅವುಗಳದ್ದು. ನಿಂಬೆ ಎಲೆಯಲ್ಲಿಯೂ ಅವೇ ಚುಕ್ಕೆಗಳು, ಬಿಲ್ವದಲ್ಲಿಯೂ ಅವೇ. ಬೇವಿನ ಎಲೆಯಲ್ಲಿ ಅವಿಲ್ಲ. ಕರಿಬೇವು, ನಿಂಬೆ, ಬಿಲ್ವ ಮೂರೂ ರುಟೇಸಿ ಕುಟುಂಬದವು. ಬೇವು ಮೀಲಿಯೇಸಿ ಕುಟುಂಬದ್ದು. ಎರಡೂ ಕುಟುಂಬಗಳು ಸಪಿಂಡೇಲೀಸ್ ಎಂಬ ಒಂದೇ ಗಣಕ್ಕೆ ಸೇರುತ್ತವೆ. ಅಂದರೆ ಕರಿಬೇವೂ ಬೇವೂ ಗಣದ ಮೆಟ್ಟಿಲಿನವರೆಗೆ ಜೊತೆಯಲ್ಲಿ ಬಂದು ಕುಟುಂಬದ ಮೆಟ್ಟಿಲಿನಲ್ಲಿ ಬೇರೆಯಾಗುತ್ತವೆ. ಮಾವು ಕೂಡ ಅದೇ ಗಣದ್ದು.

ಹೂವಿನಿಂದ ಖಚಿತಪಡಿಸಿಕೊಳ್ಳುವುದು. ಎರಡರ ಹೂವೂ ಪುಟ್ಟದು, ಬಿಳಿ, ಐದು ದಳ. ದಳಗಳನ್ನು ಸೂಜಿಯಿಂದ ಸರಿಸಿ. ಕರಿಬೇವಿನಲ್ಲಿ ಹತ್ತು ಕೇಸರಗಳು ಬಿಡಿಬಿಡಿಯಾಗಿ, ಒಂದು ಉದ್ದ ಒಂದು ಗಿಡ್ಡ ಎಂಬಂತೆ ನಿಂತಿರುತ್ತವೆ. ಬೇವಿನಲ್ಲಿ ಕೇಸರಗಳು ಕೂಡಿಕೊಂಡು ಒಂದು ಕೊಳವೆಯಾಗಿರುತ್ತವೆ.

ಬರೆದಿಡುವುದು. ನೋಡಿದ್ದನ್ನು ಗಿಡ ಗುರುತಿಸುವ ಪ್ರಶ್ನೆಗಳ ಪಟ್ಟಿಯಾಗಿ ಬರೆಯಿರಿ. ಒಂದು ಪ್ರಶ್ನೆ, ಎರಡು ಉತ್ತರ. ಪ್ರತಿ ಉತ್ತರದಿಂದ ಮುಂದಿನ ಪ್ರಶ್ನೆ. ‘ಎಲೆಯಲ್ಲಿ ಚುಕ್ಕೆ ಇದೆ / ಇಲ್ಲ’ ಒಳ್ಳೆಯ ಪ್ರಶ್ನೆ. ‘ಎಲೆ ದೊಡ್ಡದು / ಚಿಕ್ಕದು’ ಕೆಟ್ಟ ಪ್ರಶ್ನೆ. ಯಾವುದಕ್ಕಿಂತ ದೊಡ್ಡದು ಎಂದು ಕೇಳಿದರೆ ಉತ್ತರವಿಲ್ಲ.

ಮೊಬೈಲ್ ಆ್ಯಪ್‌ನಿಂದ ಫೋಟೊ ತೆಗೆದು ಹೆಸರು ತಿಳಿಯುವುದು ಕೊನೆಯ ಕೆಲಸವಾಗಿರಲಿ. ಅದು ಹೆಸರು ಕೊಡುತ್ತದೆ, ಕಾರಣ ಹೇಳುವುದಿಲ್ಲ. ವೈಜ್ಞಾನಿಕ ಹೆಸರೇನೋ ಬದಲಾಗುತ್ತಲೂ ಇರುತ್ತದೆ: ಪುಸ್ತಕಗಳಲ್ಲಿ ಮುರ್ರಾಯ ಕೊನಿಗಿ ಎಂದಿರುವ ಕರಿಬೇವು ಈಚಿನ ಪಟ್ಟಿಗಳಲ್ಲಿ ಬರ್ಗೆರ ಕೊನಿಗಿ. ಈ ‘ಕೊನಿಗಿ’ ದಕ್ಷಿಣ ಭಾರತದಲ್ಲಿ ಗಿಡಗಳನ್ನು ಸಂಗ್ರಹಿಸಿದ, ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್‌ನ ಶಿಷ್ಯ ಯೋಹಾನ್ ಕೋನಿಗ್‌ನ ನೆನಪಿಗೆ ಬಂದದ್ದು. ಮೊದಲ ಪದವಾದ ಜಾತಿಯ ಹೆಸರು ಬದಲಾದರೂ ರುಟೇಸಿ ಎಂಬ ಕುಟುಂಬ ಬದಲಾಗಿಲ್ಲ. ಕುಟುಂಬವನ್ನು ಮೊದಲು ಕಲಿಯಿರಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಇಷ್ಟು ಕೈಗೆ ಬಂದ ಮೇಲೆ ಹೆಬ್ಬೇವು ಮತ್ತು ನೆಲಬೇವನ್ನು ತಂದುಕೊಳ್ಳಿ. ಒಂದು ಬೇವಿನ ನಿಜವಾದ ನೆಂಟ, ಇನ್ನೊಂದಕ್ಕೆ ಕಹಿಯಷ್ಟೇ ಸಮಾನ. ನೆಲಬೇವಿನ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನಾಲ್ಕು ಏಣುಗಳನ್ನು ಎಣಿಸಿ, ಎಲೆಗಳು ಎದುರುಬದುರಾಗಿ ಇರುವುದನ್ನು ನೋಡಿ, ಆಮೇಲೆ ಕಂಕುಳಿಗೆ ಲೆನ್ಸ್ ಹಿಡಿಯಿರಿ.